1985ರಲ್ಲೇ ರಿಟೈರ್ ಆಗಿದ್ದ 1911 ಪಿಸ್ತೂಲನ್ನ ಅಮೆರಿಕದ ಮರೀನ್ಸ್ 2012ರಲ್ಲಿ ಮತ್ತೆ ಯಾಕೆ ತಗೊಂಡ್ರು?

ತಿರುಗುಬಾಣ:

ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ಇದೊಂದು ವಿಷಯ ತಲೆ ತಿಂತಿದೆ, ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಅಮೆರಿಕದ 1911 ಪಿಸ್ತೂಲ್ ಗೊತ್ತಲ್ಲ, ಮಹಾಯುದ್ಧದ ಫೋಟೋಗಳಲ್ಲಿ ಆಫೀಸರ್‌ಗಳ ಸೊಂಟದಲ್ಲಿ ಕಾಣ್ಸತ್ತಲ್ಲ ಅದೇ ಚಪ್ಪಟೆ ಭಾರದ ಪಿಸ್ತೂಲ್. ಜಾನ್ ಬ್ರೌನಿಂಗ್ ಡಿಸೈನ್ ಮಾಡಿದ್ದು, ಕೋಲ್ಟ್ ಕಂಪನಿ ತಯಾರಿಸಿದ್ದು, 1911ರ ಮಾರ್ಚ್‌ನಲ್ಲಿ ಸೈನ್ಯ ಒಪ್ಕೊಂಡಿದ್ದು, ಹೆಸರಲ್ಲೇ ವರ್ಷ ಇದೆ. ಎರಡು ಮಹಾಯುದ್ಧ, ಕೊರಿಯಾ, ವಿಯೆಟ್ನಾಂ ಎಲ್ಲಾ ಮುಗಿಸ್ಕೊಂಡು 1985ರಲ್ಲಿ ಮನೆಗೆ ಕಳ್ಸಿದ್ರು, ಅದರ ಜಾಗಕ್ಕೆ ಇಟಲಿಯ ಬೆರೆಟ್ಟಾ ಬಂತು, ಎಂ9 ಅಂತ ಹೆಸರು, 9 ಎಂಎಂ, ಮ್ಯಾಗಜಿನ್‌ನಲ್ಲಿ 15 ಗುಂಡು. ಹಳೇದ್ರಲ್ಲಿ ಬರೀ 7. ಸರಿ ಕಥೆ ಮುಗೀತಲ್ಲ ಅಂದ್ಕೊಂಡ್ರೆ 2012ರ ಜುಲೈನಲ್ಲಿ ಮರೀನ್ ಕೋರ್ ಅದೇ ಕೋಲ್ಟ್ ಕಂಪನಿ ಹತ್ರ ಅದೇ ಪಿಸ್ತೂಲ್ ಹೊಸದಾಗಿ ಮಾಡಿಕೊಡಿ ಅಂತ ಹೋಗಿದ್ದಾರೆ, 12,000 ಪೀಸ್‌ವರೆಗೆ, 22.5 ಮಿಲಿಯನ್ ಡಾಲರ್‌ವರೆಗೆ ಕಾಂಟ್ರ್ಯಾಕ್ಟ್. ಅಂದ್ರೆ 101 ವರ್ಷ ಹಳೇ ಡಿಸೈನು! ಅಷ್ಟೊತ್ತಿಗೆ ಪ್ಲಾಸ್ಟಿಕ್ ಫ್ರೇಮಿನ ಗ್ಲಾಕ್ ಎಲ್ಲಾ ಕಡೆ ಇತ್ತು, ಹಗುರ, ಅಗ್ಗ, 17 ಗುಂಡು.

ಇದು ಸೆಂಟಿಮೆಂಟಾ ಅಥವಾ ನಿಜವಾಗ್ಲೂ ಏನಾದ್ರೂ ಕಾರಣ ಇದ್ಯಾ? ಇನ್ನೊಂದು, ಈ 1911ಗೆ ಹಾಕೋ .45 ಗುಂಡು (ಇಂಚಿನ ಲೆಕ್ಕದಲ್ಲಿ ಅಗಲ) ತಾಗಿದ್ರೆ ಮನುಷ್ಯ ಹಿಂದಕ್ಕೆ ಹಾರ್ಕೊಂಡು ಹೋಗಿ ಬೀಳ್ತಾನೆ ಅಂತಾರಲ್ಲ ಅದು ಹೌದಾ?

---

ಎಣ್ಣೆಬಟ್ಟೆ:

ಒಳ್ಳೇ ಪ್ರಶ್ನೆ, ಆದ್ರೆ "ಮತ್ತೆ ತಗೊಂಡ್ರು" ಅನ್ನೋದ್ರಲ್ಲೇ ಸ್ವಲ್ಪ ಎಡವಟ್ಟಿದೆ ಗುರು. ಮರೀನ್ಸ್‌ನಲ್ಲಿ ಒಂದು ಸಣ್ಣ ಗುಂಪು 1911ನ ಬಿಟ್ಟಿರ್ಲೇ ಇಲ್ಲ. ಪೇಪರಿನವರು "ಹಳೇ ಹುಲಿ ವಾಪಸ್" ಅಂತ ಬರೆಯೋಕೆ ಚೆನ್ನಾಗಿರುತ್ತೆ ಅಷ್ಟೆ.

ಆಗಿದ್ದು ಹಿಂಗೆ. 1985ರಲ್ಲಿ ಎಂ9 ಬಂದಾಗ ಎಲ್ರೂ ಅದಕ್ಕೆ ಹೋದ್ರು, ಫೋರ್ಸ್ ರೆಕಾನ್ ಅಂತ ಒಂದು ದಳ ಇದೆ, ಶತ್ರು ಜಾಗಕ್ಕೆ ಮುಂದೆ ಹೋಗಿ ನೋಡ್ಕೊಂಡು ಬರೋರು, ಒತ್ತೆಯಾಳು ಬಿಡಿಸೋದು, ಹಡಗು ಹತ್ತಿ ತಪಾಸಣೆ ಮಾಡೋದು ಇಂಥ ಕೆಲಸಾನೂ ಅವರದ್ದೇ, ಅವರು ಮಾತ್ರ ನಮಗೆ .45 ಬೇಕು ಅಂತ ಹಿಡ್ಕೊಂಡು ಕೂತ್ರು. ಸರಿ ಅಂತ ವರ್ಜೀನಿಯಾದ ಕ್ವಾಂಟಿಕೋದಲ್ಲಿರೋ ಮರೀನ್ಸ್‌ನ ಆರ್ಮರರ್‌ಗಳು, ಅಂದ್ರೆ ಬಂದೂಕು ರಿಪೇರಿ ಮಾಡೋರು, ಗೋಡೌನಿನಲ್ಲಿದ್ದ ಹಳೇ 1911ಎ1 (1911ನೇ ಸ್ವಲ್ಪ ತಿದ್ದಿದ ಮಾಡೆಲ್) ಪಿಸ್ತೂಲುಗಳನ್ನ ಗುಡ್ಡೆ ಹಾಕಿ ಅದರಲ್ಲಿ ಗಟ್ಟಿಯಾದ ಫ್ರೇಮ್ ಆರಿಸಿ, ಬ್ಯಾರಲ್ ಟ್ರಿಗರ್ ಸೇಫ್ಟಿ ಸೈಟು ಎಲ್ಲಾ ಹೊಸದು ಹಾಕಿ, ಒಂದೊಂದನ್ನೂ ಕೈಯಲ್ಲಿ ಅರ ಹಾಕಿ ಕೂರಿಸಿ ಕೊಡ್ತಿದ್ರು. ಇಲ್ಲೊಂದು ಮಜಾ ನೋಡಿ, ಅಮೆರಿಕ ಸರ್ಕಾರ ಹೊಸ 1911ಎ1 ತಗೊಳ್ಳೋದು ನಿಲ್ಲಿಸಿದ್ದು 1945ರಲ್ಲಿ. ಅಂದ್ರೆ 1990ರ ದಶಕದಲ್ಲಿ, 2000ದ ಮೇಲೂ, ಅತ್ಯಂತ ಕಷ್ಟದ ಕೆಲಸಕ್ಕೆ ಹೋಗೋ ಸೈನಿಕನ ಸೊಂಟದಲ್ಲಿದ್ದ ಪಿಸ್ತೂಲಿನ ಫ್ರೇಮು ಅವರಪ್ಪನಿಗಿಂತ ಹಳೇದು.

ಈಗ ಸಮಸ್ಯೆ ಎಲ್ಲಿ ಬಂತು ಅಂದ್ರೆ ಫ್ರೇಮು ಅಕ್ಷಯ ಪಾತ್ರೆ ಅಲ್ವಲ್ಲ. ಇವರು ಸಾಮಾನ್ಯ ಸೈನಿಕನ ಥರ ವರ್ಷಕ್ಕೊಂದ್ಸಲ ಗುರಿ ನೋಡಿ ಇಡೋ ಜನ ಅಲ್ಲ, ಟ್ರೈನಿಂಗ್‌ನಲ್ಲೇ ಸಾವಿರಾರು ಗುಂಡು ಹೊಡೀತಾರೆ, ಪಿಸ್ತೂಲ್ ಸವೆದು ಕ್ವಾಂಟಿಕೋಗೆ ವಾಪಸ್ ಬರುತ್ತೆ, ಮತ್ತೆ ಬಿಚ್ಚಿ ಕಟ್ಟಬೇಕು, ಎಷ್ಟು ಸಲ ಅಂತ ಕಟ್ತಾರೆ. ಅದರ ಮೇಲೆ 2003ರಲ್ಲಿ ಡೆಟ್ ಒನ್ ಅಂತ ಹೊಸ ವಿಶೇಷ ದಳ ಹುಟ್ಟಿತು, ಅವರಿಗೆ ಬೇಕಾದಷ್ಟು ಪಿಸ್ತೂಲು ಕೈಯಲ್ಲಿ ಕಟ್ಟಿಕೊಡೋಕೆ ಆಗ್ದೆ ಕಿಂಬರ್ ಕಂಪನಿಯ 1911 ತಗೊಂಡ್ರು. 2006ರಲ್ಲಿ ಮರೀನ್ಸ್‌ನ ವಿಶೇಷ ದಳಗಳಿಗೆ ಮಾರ್ಸಾಕ್ ಅಂತ ಪೂರ್ತಿ ಕಮಾಂಡೇ ಶುರುವಾಯ್ತು, ಇನ್ನೂ ಜಾಸ್ತಿ ಬೇಕಾಯ್ತು. ಜೊತೆಗೆ ಈಗ ಪಿಸ್ತೂಲ್ ಕೆಳಗಡೆ ಟಾರ್ಚ್ ಸಿಗಿಸ್ಕೊಳ್ಳೋಕೆ ರೈಲ್ ಬೇಕು, ಕತ್ತಲ ಕೋಣೆಗೆ ನುಗ್ಗೋರಿಗೆ ಅದು ಶೋಕಿ ಅಲ್ಲ, 1940ರ ಫ್ರೇಮಿನಲ್ಲಿ ಅದೆಲ್ಲಿಂದ ಬರ್ಬೇಕು.

ಹಂಗಾಗಿ 2012ರಲ್ಲಿ ಬಂದಿದ್ದು ಎಂ45ಎ1. ಕೋಲ್ಟ್‌ನವರ ರೈಲ್ ಇದ್ದ ಮಾಡೆಲ್ ಮೇಲೆ ಕಟ್ಟಿದ್ದು, ಮರಳಿನ ಬಣ್ಣ, ಕತ್ತಲಲ್ಲಿ ಮಿಣಮಿಣ ಅನ್ನೋ ಟ್ರಿಟಿಯಂ ಸೈಟು, ಎರಡೂ ಕೈಗೆ ಸಿಗೋ ಸೇಫ್ಟಿ, ಒಳಗಡೆ ಒಂದರ ಬದಲು ಎರಡು ರಿಕಾಯಿಲ್ ಸ್ಪ್ರಿಂಗ್. ಆದ್ರೆ ಬಿಚ್ಚಿದ್ರೆ ಒಳಗೆ ಬ್ರೌನಿಂಗ್ ಅಜ್ಜನೇ ಕೂತಿರ್ತಾನೆ, ಗುಂಡು ಹಾರಿದ ತಕ್ಷಣ ಬ್ಯಾರಲ್ಲೂ ಅದರ ಮೇಲೆ ಕೂತಿರೋ ಸ್ಲೈಡೂ ಒಟ್ಟಿಗೆ ಸ್ವಲ್ಪ ಹಿಂದಕ್ಕೆ ಬಂದು, ಬ್ಯಾರಲ್ ಹಿಂಬದಿಯ ಸಣ್ಣ ಕೊಂಡಿ ಅದನ್ನ ಕೆಳಕ್ಕೆಳೆದು, ಬೀಗ ಬಿಟ್ಟು, ಸ್ಲೈಡ್ ಒಂದೇ ಹಿಂದಕ್ಕೆ ಹೋಗೋ ಅದೇ ಆಟ. ಬ್ಯಾರಲ್ ಹಿಂಗೆ ಕೆಳಕ್ಕೆ ಬಾಗಿ ಬೀಗ ಬಿಡೋ ಉಪಾಯ ಗ್ಲಾಕ್‌ನಲ್ಲೂ ಇದೆ, ಕೊಂಡಿ ಒಂದಿಲ್ಲ ಅಷ್ಟೆ. ಹಳೇ ಡಿಸೈನ್ ಅಂತ ನಗೋರು ಇದನ್ನ ಮರೀತಾರೆ.

---

ಗುರಿಕಾರ:

ಎಣ್ಣೆಬಟ್ಟೆಯವರು ಇಷ್ಟುದ್ದ ಬರದ್ರು, ಖರೇ ಕಾರಣ ಬಿಟ್ರು ನೋಡ್ರಿ. .45 ಯಾಕ ಬಂತು ಅಂತ ತಿಳ್ಕೋಬೇಕಂದ್ರ ಫಿಲಿಪ್ಪೀನ್ಸಿಗೆ ಹೋಗ್ಬೇಕು. 1900ರ ಆಚೀಚೆ ಅಮೆರಿಕದವ್ರು ಅಲ್ಲಿ ದಕ್ಷಿಣದ ದ್ವೀಪದಾಗ ಮೋರೋ ಮಂದಿ ಜೋಡಿ ಬಡದಾಡ್ತಿದ್ರು. ಇವ್ರ ಕೈಯಾಗ ಇದ್ದದ್ದು .38 ರಿವಾಲ್ವರ್. ಮೋರೋ ವೀರ ಕತ್ತಿ ಹಿಡ್ಕೊಂಡು ಓಡಿ ಬರಾಂವ, ಇವ್ರು ಗುಂಡಿನ ಮ್ಯಾಲ ಗುಂಡು ಹೊಡದ್ರೂ ನಿಲ್ಲಾಂವಲ್ಲ. ಆಗ ಏನ್ ಮಾಡಿದ್ರು ಗೊತ್ತೈತೇನು, 1873ರ ಮಾಡೆಲ್ಲಿನ ಹಳೇ ಕೋಲ್ಟ್ .45 ರಿವಾಲ್ವರ್ ಗೋಡೌನಿನಿಂದ ಹೊರಗ ತಗದು ಸೈನಿಕರ ಕೈಯಾಗ ಕೊಟ್ರು! ರಿಟೈರ್ ಆದ ಪಿಸ್ತೂಲ್ ವಾಪಸ್ ಬರೂದು ಅಂದ್ರ ಇದು, ನೂರು ವರ್ಷದ ಹಿಂದನ ಆಗೇತಿ.

ಆಮ್ಯಾಲ 1904ರಾಗ ಥಾಂಪ್ಸನ್, ಲಗಾರ್ಡ್ ಅಂತ ಇಬ್ರು ಸೈನ್ಯದ ಅಧಿಕಾರಿಗಳು, ಒಬ್ಬಾಂವ ಡಾಕ್ಟರ, ಶಿಕಾಗೋದ ಕಸಾಯಿಖಾನ್ಯಾಗ ದನಗಳ ಮ್ಯಾಲ, ಹೆಣಗಳ ಮ್ಯಾಲ ಬ್ಯಾರೆ ಬ್ಯಾರೆ ಗುಂಡು ಹೊಡದು ನೋಡಿದ್ರು. .45ಕ್ಕಿಂತ ಕಡಿಮಿ ಇರಬಾರ್ದು ಅಂತ ರಿಪೋರ್ಟ್ ಕೊಟ್ರು. ಅದಕ್ಕ ತಕ್ಕಂಗ ಬ್ರೌನಿಂಗ್ ಪಿಸ್ತೂಲ್ ಮಾಡಿದ. 1911ರ ಪರೀಕ್ಷೆದಾಗ 6,000 ಗುಂಡು ಹೊಡದ್ರು, ಕಾದು ಕೆಂಡ ಆದ್ರ ನೀರಿನ ಬಕೀಟಿನಾಗ ಅದ್ದಿ ಮತ್ತ ಹೊಡದ್ರು, ಕೋಲ್ಟ್ ಒಮ್ಮೆನೂ ತಪ್ಪಲಿಲ್ಲ. ಎದುರಾಳಿ ಸ್ಯಾವೇಜ್ ಪಿಸ್ತೂಲ್ 37 ಸಲ ಕೈ ಕೊಟ್ತು. 9 ಎಂಎಂ ಅನ್ನೂದು ನೇಟೋ ದೇಶದವ್ರನ್ನ ಖುಷಿ ಪಡಸಾಕ ತಂದದ್ದು, ಮರೀನ್ಸ್‌ನವ್ರಿಗೆ ಅನುಭವ ಇತ್ತು, .45 ಬಿಡಲಿಲ್ಲ. ಇಷ್ಟ ಕತಿ.

---

ಲೆಕ್ಕದ_ಮೇಷ್ಟ್ರು:

ಗುರಿಕಾರ ಅವ್ರೇ, ಬಕೀಟಿನ ಕಥೆ ನೀವು ಹೇಳಿದ್ದು ಸರಿ, 1904ರ ರಿಪೋರ್ಟೂ ಸರಿ. ಆದ್ರೆ ಆ ಪ್ರಯೋಗವನ್ನ ಇವತ್ತು ಯಾವ ಹುಡುಗ ಲ್ಯಾಬ್‌ನಲ್ಲಿ ಮಾಡಿ ತಂದ್ರೂ ನಾನು ಮಾರ್ಕ್ಸ್ ಕೊಡಲ್ಲ, ಪ್ರಾಣಿಗಳು ಕೆಲವೇ ಕೆಲವು, ಒಂದೊಂದಕ್ಕೆ ಒಂದೊಂದು ಥರ ಹೊಡೆದಿದ್ದಾರೆ, ಅದರಲ್ಲಿ ತೀರ್ಮಾನ ಹೇಗೆ ಹೊರಡುತ್ತೆ. ಇನ್ನು 1911 ಪಿಸ್ತೂಲ್ ಬಂದು ಎಲ್ಲರ ಕೈ ಸೇರೋ ಹೊತ್ತಿಗೆ ಮೋರೋ ಯುದ್ಧವೇ ಮುಗಿಯೋಕೆ ಬಂದಿತ್ತು, 1913ಕ್ಕೆ ಮುಗೀತು.

ತಿರುಗುಬಾಣ ಅವ್ರ ಎರಡನೇ ಪ್ರಶ್ನೆಗೆ ಬರೋಣ, ಇದಕ್ಕೆ ಕ್ಯಾಲ್ಕುಲೇಟರ್ ಸಾಕು. .45 ಗುಂಡಿನ ತೂಕ ಸುಮಾರು 15 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 255 ಮೀಟರ್. ಗುಣಿಸಿದ್ರೆ ಸಂವೇಗ 3.8 ಬರುತ್ತೆ. 75 ಕೆಜಿ ಮನುಷ್ಯನ ಮೈಯಲ್ಲಿ ಆ ಗುಂಡು ಪೂರ್ತಿ ನಿಂತೋಯ್ತು ಅಂದ್ಕೊಳ್ಳಿ, ಅವನು ಹಿಂದಕ್ಕೆ ಸರಿಯೋ ವೇಗ ಸೆಕೆಂಡಿಗೆ 5 ಸೆಂಟಿಮೀಟರ್. ಹಾರೋದಿರಲಿ, ಬಸ್ಸಿನಲ್ಲಿ ಪಕ್ಕದವರು ತಳ್ಳೋದೇ ಇದಕ್ಕಿಂತ ಜೋರಿರುತ್ತೆ. ಇನ್ನೂ ಸುಲಭವಾಗಿ ಹೇಳ್ಬೇಕಂದ್ರೆ ಗುಂಡು ತಾಗಿದವನು ಹಾರಿ ಬೀಳೋ ಹಾಗಿದ್ರೆ ಹೊಡೆದವನೂ ಹಿಂದಕ್ಕೆ ಹಾರಬೇಕಿತ್ತು, ಹಿಂದಕ್ಕೆ ಒದೆಯೋದು ಅಷ್ಟೇ ಅಲ್ವಾ.

ಈಗ 9 ಎಂಎಂ ನೋಡಿ, ತೂಕ ಸುಮಾರು 8 ಗ್ರಾಂ, ವೇಗ ಸುಮಾರು 365 ಮೀಟರ್. ಶಕ್ತಿ ಲೆಕ್ಕ ಹಾಕಿದ್ರೆ .45ಗೆ 490 ಜೂಲ್ ಹತ್ರ, 9 ಎಂಎಂಗೆ 530 ಹತ್ರ. ಸಣ್ಣದ್ರಲ್ಲೇ ಶಕ್ತಿ ಒಂಚೂರು ಜಾಸ್ತಿ! ಯಾಕಂದ್ರೆ ವೇಗ ವರ್ಗದಲ್ಲಿ ಬರುತ್ತೆ.

ಹಾಗಂತ .45 ಪರ ಇದ್ದೋರೆಲ್ಲ ದಡ್ಡರು ಅಂತ ನಾನು ಹೇಳಲ್ಲ. ಸೈನ್ಯದಲ್ಲಿ, ಮೈಗೆ ಹೊಕ್ಕ ಮೇಲೆ ತುದಿ ಅರಳೋ ಗುಂಡು ಬಳಸಲ್ಲ ಅನ್ನೋದು ಹಳೇ ಕಟ್ಟಲೆ, 1899ರ ಹೇಗ್ ಘೋಷಣೆಗೆ ಅಮೆರಿಕ ಸಹಿ ಹಾಕದೇ ಇದ್ರೂ ಬಹುಕಾಲ ಅದರಂತೆ ನಡ್ಕೊಂಡ್ರು. ಪೂರ್ತಿ ತಾಮ್ರದ ಕವಚ ಇರೋ ಗುಂಡು ಒಳಗೆ ಹೋದ್ರೆ ತನ್ನ ಅಗಲದಷ್ಟೇ ತೂತು. ಹಾಗಿದ್ದಾಗ 11.5 ಮಿಲಿಮೀಟರ್ ತೂತಿನ ವಿಸ್ತೀರ್ಣ 9 ಮಿಲಿಮೀಟರ್ ತೂತಿಗಿಂತ ಒಂದೂವರೆ ಪಟ್ಟಿಗೂ ಸ್ವಲ್ಪ ಹೆಚ್ಚು. ಅರಳೋ ಗುಂಡು ಬಳಸೋ ಪೊಲೀಸರಿಗೆ ಈ ವಾದ ಅಷ್ಟಾಗಿ ಒಪ್ಪಲ್ಲ, ಸೈನಿಕರಿಗೆ ಒಪ್ಪುತ್ತಿತ್ತು. ಮತ್ತೊಂದು, .45 ಶಬ್ದದ ವೇಗಕ್ಕಿಂತ ಕೆಳಗೇ ಹೋಗುತ್ತೆ, ಸೈಲೆನ್ಸರ್ ಹಾಕಿದ್ರೆ ಗಾಳಿ ಸೀಳೋ ಚಟ್ ಅನ್ನೋ ಸದ್ದು ಬರಲ್ಲ.

---

ಗುರಿಕಾರ:

ಮೇಷ್ಟ್ರ, ನಿಮ್ಮ ಕ್ಯಾಲ್ಕುಲೇಟರ್ ಹಿಡ್ಕೊಂಡು ಆ ಮೋರೋ ಮುಂದ ನಿಂದರ್ರಿ ನೋಡೂಣು 😄 ಹಾರಿ ಬೀಳೂದು ಸುಳ್ಳ ಅಂತ ಒಪ್ಪೇನಿ ಹೋಗ್ರಿ. ದೊಡ್ಡ ತೂತಿನ ಮಾತು ನೀವ ಹೇಳಿದ್ರಲ್ಲ, ನಾನೂ ಅದನ್ನ ಹೇಳಾಕತ್ತಿದ್ದೆ.

---

ಮಾಜಿ_ಸಿಪಾಯಿ:

ನಾನು ತಡವಾಗಿ ಬಂದೆ. ಎಲ್ಲರೂ ಗುಂಡಿನ ಸೈಜಿನ ಮೇಲೇ ಜಗಳ ಆಡ್ತಿದ್ದೀರಾ, ಟ್ರಿಗರ್ ಬಗ್ಗೆ ಯಾರೂ ಮಾತೇ ಆಡ್ಲಿಲ್ಲ. ನನ್ನ ಪ್ರಕಾರ ಫೋರ್ಸ್ ರೆಕಾನ್‌ನವರು 1911 ಬಿಡದೇ ಇದ್ದಿದ್ದಕ್ಕೆ ಅದೇ ದೊಡ್ಡ ಕಾರಣ.

ನಾನು ಸರ್ವಿಸ್‌ನಲ್ಲಿದ್ದಾಗ ಹೊಡೆದಿದ್ದು ನಮ್ಮ 9 ಎಂಎಂ 1ಎ, ಇಷಾಪುರ ರೈಫಲ್ ಫ್ಯಾಕ್ಟರಿದು, ಅದೂ ಬ್ರೌನಿಂಗ್ ಹೈ ಪವರ್‌ನದ್ದೇ ತದ್ರೂಪು, ಅಂದ್ರೆ 1911ರ ತಮ್ಮ ಅನ್ನಬಹುದು. (ಬ್ರೌನಿಂಗ್ ಅದನ್ನ ಮುಗಿಸೋ ಮುಂಚೆ 1926ರಲ್ಲಿ ಬೆಲ್ಜಿಯಂನ ಲಿಯೆಜ್‌ನಲ್ಲಿ ತೀರ್ಕೊಂಡ್ರು, ಸೇವ್ ಅನ್ನೋ ಇಂಜಿನಿಯರ್ ಮುಗಿಸಿದ್ರು.) ಎರಡೂ ಸಿಂಗಲ್ ಆಕ್ಷನ್. ಅಂದ್ರೆ ಟ್ರಿಗರ್‌ಗೆ ಒಂದೇ ಕೆಲಸ, ಎದ್ದು ನಿಂತಿರೋ ಹ್ಯಾಮರ್‌ನ (ಹಿಂಬದಿಯ ಸುತ್ತಿಗೆ) ಬಿಡೋದು. ಮೊದಲನೇ ಗುಂಡೂ ಏಳನೇ ಗುಂಡೂ ಬೆರಳಿಗೆ ಒಂದೇ ಥರ. 1911ರಲ್ಲಂತೂ ಟ್ರಿಗರ್ ತಿರುಗಲ್ಲ, ಡ್ರಾಯರ್ ತಳ್ಳಿದ ಹಾಗೆ ನೇರ ಹಿಂದಕ್ಕೆ ಬರುತ್ತೆ, ಒಂಚೂರು ಬಂದ್ರೆ ಸಾಕು ಬಿಡುತ್ತೆ.

ಬೆರೆಟ್ಟಾದಲ್ಲಿ ಹಂಗಲ್ಲ. ಹೋಲ್‌ಸ್ಟರ್‌ನಿಂದ ತೆಗೆದಾಗ ಹ್ಯಾಮರ್ ಕೆಳಗಿರುತ್ತೆ, ಮೊದಲನೇ ಗುಂಡಿಗೆ ಟ್ರಿಗರ್ ಉದ್ದಕ್ಕೆ ಎಳೀಬೇಕು, ಐದು ಕೆಜಿಗೂ ಮೇಲೆ ಜೋರು ಬೇಕು, ಆಮೇಲಿನ ಗುಂಡುಗಳಿಗೆ ಅದರ ಅರ್ಧದಷ್ಟು ಸಾಕು. ಬೆರಳಿಗೆ ಎರಡು ಪಾಠ ಕಲಿಸ್ಬೇಕು. ದಿನಾ ಹೊಡೆದ್ರೆ ಅಭ್ಯಾಸ ಆಗುತ್ತೆ, ಇಲ್ಲ ಅನ್ನಲ್ಲ, ಆದ್ರೆ ಒತ್ತೆಯಾಳು ಪಕ್ಕದಲ್ಲೇ ನಿಂತಿರೋ ಕೋಣೆಯಲ್ಲಿ ಮೊದಲನೇ ಗುಂಡೇ ಅತ್ಯಂತ ಮುಖ್ಯ, ಬೆರೆಟ್ಟಾದಲ್ಲಿ ಅದೇ ಅತ್ಯಂತ ಕಷ್ಟದ್ದು.

ಮತ್ತೆ 1911ನ ಹ್ಯಾಮರ್ ಎತ್ತಿ, ಹೆಬ್ಬೆರಳಿನ ಸೇಫ್ಟಿ ಹಾಕಿ, ಚೇಂಬರ್‌ನಲ್ಲಿ ಗುಂಡಿಟ್ಟೇ ಒಯ್ಯೋದು. ನೋಡಿದವರಿಗೆ ಎದೆ ಧಸಕ್ ಅನ್ನುತ್ತೆ. ಆದ್ರೆ ಅದರ ಹಿಡಿಯ ಹಿಂದೆ ಇನ್ನೊಂದು ಸೇಫ್ಟಿ ಇದೆ, ಕೈ ಗಟ್ಟಿಯಾಗಿ ಹಿಡೀದೇ ಟ್ರಿಗರ್ ಕೆಲಸ ಮಾಡಲ್ಲ. ಇದೆಲ್ಲ ಕಲಿತ ಕೈಗೆ ಸ್ವರ್ಗ, ಅರ್ಧಂಬರ್ಧ ಕಲಿತ ಕೈಗೆ ಅಪಾಯ, ಗಾಬರಿಯಲ್ಲಿ ಸೇಫ್ಟಿ ತೆಗೆಯೋದು ಮರೆತ್ರೂ ಕಷ್ಟ, ಹಾಕೋದು ಮರೆತ್ರೂ ಕಷ್ಟ. ಲಕ್ಷಾಂತರ ಜನರ ಸೈನ್ಯಕ್ಕೆ ಆ ಪಿಸ್ತೂಲ್ ಬೇಡ ಅಂದಿದ್ದೂ ಸರಿ, ವರ್ಷಪೂರ್ತಿ ಹೊಡೆಯೋ ನಾಲ್ಕು ಜನ ಬೇಕು ಅಂದಿದ್ದೂ ಸರಿ.

---

ತಿರುಗುಬಾಣ:

ಅಬ್ಬಾ, ಇಷ್ಟು ಸಿಗುತ್ತೆ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ಥ್ಯಾಂಕ್ಸ್. ಸಿಪಾಯಿ ಸರ್ ನಿಮ್ಮ ಟ್ರಿಗರ್ ಮಾತು ನನಗೆ ಹೊಳೆದೇ ಇರ್ಲಿಲ್ಲ. ಆದ್ರೆ ಒಂದು ಅರ್ಥ ಆಗ್ಲಿಲ್ಲ, ಒಂದೇ ಥರದ ಟ್ರಿಗರ್ ಬೇಕು ಅಂದ್ರೆ ಗ್ಲಾಕ್‌ನಲ್ಲೂ ಪ್ರತೀ ಗುಂಡಿಗೂ ಒಂದೇ ಥರಾನೇ ಅಲ್ವಾ? 22.5 ಮಿಲಿಯನ್‌ನ 12,000ಕ್ಕೆ ಭಾಗಿಸಿದ್ರೆ ಸ್ಪೇರ್ ಪಾರ್ಟ್ಸ್ ಎಲ್ಲಾ ಸೇರಿ ಒಂದಕ್ಕೆ 1,875 ಡಾಲರ್ ಬೀಳುತ್ತೆ, ಅಷ್ಟು ದುಡ್ಡಿಗೆ ಎರಡು ಮೂರು ಗ್ಲಾಕ್ ಬರ್ತಿತ್ತಲ್ಲ. ಈಗ್ಲೂ ಅದನ್ನೇ ಇಟ್ಕೊಂಡಿದ್ದಾರಾ?

---

ಎಣ್ಣೆಬಟ್ಟೆ:

ಸರಿಯಾದ ಜಾಗಕ್ಕೇ ಕೈ ಹಾಕಿದ್ರಿ. ಇಲ್ಲ, ಈಗ ಇಲ್ಲ. ಕಥೆಯ ಕೊನೆ ಅಷ್ಟೇನೂ ಚೆನ್ನಾಗಿಲ್ಲ.

ಮೊದಲಿಗೆ, 12,000 ಅನ್ನೋದು ಮೇಲಿನ ಮಿತಿ, ಶುರುವಿನ ಆರ್ಡರ್ 4,036 ಇತ್ತು. ಪಿಸ್ತೂಲ್ ಕೈಗೆ ಬಂದ ಕೆಲವೇ ವರ್ಷದಲ್ಲಿ ಮಾರ್ಸಾಕ್‌ನವರು, ಅಂದ್ರೆ ಯಾರಿಗೋಸ್ಕರ ಮುಖ್ಯವಾಗಿ ತರಿಸಿದ್ರೋ ಅವರೇ, ಗ್ಲಾಕ್ 19ಗೆ ಹೋದ್ರು. ನೀವು ಕೇಳಿದ ಪ್ರಶ್ನೆಯನ್ನೇ ಅವರೂ ಕೇಳ್ಕೊಂಡಿರ್ಬೇಕು. ಎರಡು ಪಟ್ಟು ಗುಂಡು, ಕಡಿಮೆ ತೂಕ, ಕೆಟ್ರೆ ಒಂದು ಪಾರ್ಟ್ ತೆಗೆದು ಇನ್ನೊಂದು ಹಾಕಿದ್ರೆ ಆಯ್ತು, ಅರ ಹಿಡ್ಕೊಂಡು ಕೂರೋ ಆರ್ಮರರ್ ಬೇಡ. ಮರಳುಗಾಡಿನ ಧೂಳಿನಲ್ಲಿ ಬಿಗಿಯಾಗಿ ಕೂರಿಸಿದ 1911ಗೆ ಎಣ್ಣೆ ಹಾಕ್ತಾನೇ ಇರ್ಬೇಕು. (ಹಳೇ ಯುದ್ಧಕಾಲದ 1911ಗಳು ಸಡಿಲವಾಗಿದ್ವು, ಅಲ್ಲಾಡಿಸಿದ್ರೆ ಗಲಗಲ ಅಂತಿದ್ವು, ಅದಕ್ಕೇ ಕೆಸರಲ್ಲೂ ನಡೀತಿದ್ವು. ಗುರಿ ನಿಖರ ಬೇಕು ಅಂತ ಬಿಗಿ ಮಾಡ್ತಾ ಮಾಡ್ತಾ ಆ ಗುಣ ಸ್ವಲ್ಪ ಹೋಯ್ತು, ಇದು ನನ್ನ ಅಭಿಪ್ರಾಯ, ಜಗಳಕ್ಕೆ ಬರೋರು ಬನ್ನಿ.)

ಅತ್ತ 2014ರಲ್ಲಿ ಎಫ್‌ಬಿಐನವರು ಈಗಿನ ಅರಳೋ ಗುಂಡುಗಳಲ್ಲಿ 9 ಎಂಎಂಗೂ ದೊಡ್ಡದಕ್ಕೂ ಹೇಳ್ಕೊಳ್ಳೋ ಅಂಥ ವ್ಯತ್ಯಾಸ ಇಲ್ಲ ಅಂತ ಹೇಳಿ 9ಕ್ಕೆ ವಾಪಸ್ ಬಂದ್ರು. 2017ರಲ್ಲಿ ಸೈನ್ಯ ಎಂ9 ಬದಲಿಗೆ ಸಿಗ್ ಸಾವರ್ ಪಿ320 ಆರಿಸ್ತು, ಎಂ17 ಅಂತ, ಅದರ ಚಿಕ್ಕದು ಎಂ18. ಆ ಸಲ ಪಿಸ್ತೂಲ್ ಜೊತೆಗೇ ಅರಳೋ ಗುಂಡನ್ನೂ ತಗೊಂಡ್ರು. ಅಲ್ಲಿಗೆ ಮೇಷ್ಟ್ರು ಹೇಳಿದ ತೂತಿನ ವಾದದ ಬುಡವೇ ಸಡಿಲ ಆಯ್ತು. 2020ರಿಂದ ಮರೀನ್ಸ್‌ಗೆ ಎಂ18 ಬರೋಕೆ ಶುರು, ಬೆರೆಟ್ಟಾ, ಗ್ಲಾಕ್, ಎಂ45ಎ1 ಎಲ್ಲದರ ಜಾಗಕ್ಕೂ ಅದೊಂದೇ. 2022ರ ಹೊತ್ತಿಗೆ ಎಂ45ಎ1 ಸರ್ವಿಸ್‌ನಿಂದ ಹೊರಗೆ. ಅಂದ್ರೆ ಹೊಸ ಜನ್ಮ ಹತ್ತೇ ವರ್ಷ.

ಸೆಂಟಿಮೆಂಟಾ ಅಂತ ಕೇಳಿದ್ರಲ್ಲ, ಶುರುವಿನಲ್ಲಿ ಅಲ್ಲ, 1985ರಲ್ಲಿ ಫೋರ್ಸ್ ರೆಕಾನ್‌ನವರ ತೀರ್ಮಾನಕ್ಕೆ ಗಟ್ಟಿ ಕಾರಣ ಇತ್ತು, ಆಗ ಎದುರಿಗಿದ್ದ ಆಯ್ಕೆ ಬೆರೆಟ್ಟಾ, ಸಿಪಾಯಿಯವ್ರು ಹೇಳಿದ ಮೊದಲನೇ ಗುಂಡಿನ ತೊಂದರೆ ಇದ್ದಿದ್ದು. 2012ರ ಹೊತ್ತಿಗೆ ಎದುರಿಗಿದ್ದ ಆಯ್ಕೆ ಬದಲಾಗಿತ್ತು, ಇವರ ಉತ್ತರ ಬದಲಾಗಿರ್ಲಿಲ್ಲ. ಇಪ್ಪತ್ತೈದು ವರ್ಷ ಒಂದೇ ಪಿಸ್ತೂಲಿನ ಮೇಲೆ ಟ್ರೈನಿಂಗ್, ಹೋಲ್‌ಸ್ಟರ್, ಆರ್ಮರರ್ ಕೋರ್ಸ್ ಎಲ್ಲಾ ಕಟ್ಟಿದ ಮೇಲೆ ಸವೆದಿದ್ದಕ್ಕೆ ಬದಲಿ ಅದೇ ತರೋದು ಸುಲಭ ಅನ್ಸುತ್ತೆ.

---

ಮಾಜಿ_ಸಿಪಾಯಿ:

ಕೊನೆ ಪ್ಯಾರಾ ಒಪ್ಪಿದೆ. ಗ್ಲಾಕ್ ಟ್ರಿಗರ್ ಪ್ರತೀ ಸಲ ಒಂದೇ ಥರ ಹೌದು ತಿರುಗುಬಾಣ ಅವ್ರೇ, 1911ನಷ್ಟು ನುಣುಪು ಅಲ್ಲ ಅಷ್ಟೆ. ಎಷ್ಟು ಜನರಿಗೆ ಆ ನುಣುಪು ನಿಜವಾಗಿ ಬೇಕು ಅಂತ ಕೇಳಿದ್ರೆ ನಾನೂ ತಲೆ ಕೆರ್ಕೋತೀನಿ.

---

ಗುರಿಕಾರ:

2022ರಾಗ ತಗದ್ರ? ಛೇ. ಹಳೇವು ಎಲ್ಲಾ ಏನ್ ಮಾಡಿದ್ರಪಾ, ಕರಗಿಸಿದ್ರೋ?

---

ಎಣ್ಣೆಬಟ್ಟೆ:

ಎಂ45ಎ1 ಬಿಡಿ, ಮಹಾಯುದ್ಧದ ಕಾಲದ್ದು ಇನ್ನೂ ಗೋಡೌನ್‌ನಲ್ಲಿ ಇದ್ವು, ಅಲಬಾಮಾದ ಆನಿಸ್ಟನ್ ಡಿಪೋದಲ್ಲಿ. ವರ್ಷಕ್ಕೆ 10,000ದವರೆಗೆ ಸಾರ್ವಜನಿಕರಿಗೆ ಮಾರಬಹುದು ಅಂತ ಅವರ ಪಾರ್ಲಿಮೆಂಟು ಕಾನೂನು ಮಾಡಿ, 2018ರಿಂದ ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಅನ್ನೋ ಸಂಸ್ಥೆ ಮೂಲಕ ಕೊಡ್ತಿದ್ದಾರೆ. ಅದನ್ನ ತಗೊಂಡವರು ಮೊದಲು ನೋಡೋದು ಸ್ಲೈಡ್ ಮೇಲಿನ ಹೆಸರು. ಎರಡನೇ ಮಹಾಯುದ್ಧದಲ್ಲಿ ಕೋಲ್ಟ್ ಒಂದರಿಂದ ಆಗಲ್ಲ ಅಂತ ಬೇರೆ ಬೇರೆ ಕಂಪನಿಗೆ ಕೊಟ್ಟಿದ್ರು, ರೈಲ್ವೆ ಸಿಗ್ನಲ್ ಮಾಡೋರು ಮಾಡಿದ್ರು, ಎಲ್ಲಕ್ಕಿಂತ ಜಾಸ್ತಿ ಮಾಡಿದ್ದು ರೆಮಿಂಗ್ಟನ್ ರಾಂಡ್, ಸುಮಾರು 9 ಲಕ್ಷ, ಅವರು ಟೈಪ್‌ರೈಟರ್ ಕಂಪನಿ. ಸಿಂಗರ್‌ನವರು ಮಾಡಿದ್ದು ಬರೀ 500, ಅದು ಕೈಗೆ ಸಿಕ್ಕಿದ್ರೆ ಲಾಟರಿ ಹೊಡೆದ ಹಾಗೆ.

---

ತಿರುಗುಬಾಣ:

ಸಿಂಗರ್ ಅಂದ್ರೆ... ಹೊಲಿಗೆ ಮಿಷನ್ ಸಿಂಗರಾ??

---

ಎಣ್ಣೆಬಟ್ಟೆ:

ಹೂಂ, ಅದೇ.